ಹಗ್ಗದ ಹುಳಿ, ಮಗ್ಗದ ಅಂಗೈ

ನಮ್ಮೂರಲ್ಲಿ ಅಂಗಡಿಯವರು ಸಾಮಾನನ್ನು ಕೈಗೆ ಕೊಡುವುದಿಲ್ಲ. ಹಲಗೆಯ ಮೇಲೆ ಇಡುತ್ತಾರೆ, ನಾವು ಎತ್ತಿಕೊಳ್ಳುತ್ತೇವೆ. ಶಾಲೆಯಲ್ಲಿ ಮೇಷ್ಟ್ರು ಬಳಪ ಕೊಡುವುದೂ ಹಾಗೆಯೇ. ಹೊರಗಿನಿಂದ ಬಂದವರು ಇದನ್ನು ಮಡಿ ಎಂದುಕೊಂಡು ಮುಖ ಗಂಟುಹಾಕುತ್ತಾರೆ. ಮಡಿ ಗಿಡಿ ಏನೂ ಇಲ್ಲ. ನಮ್ಮೂರಲ್ಲಿ ಅಂಗೈಗೆ ಅಂಗೈ ಕೂಡಿದರೆ ದಣಿದ ಒಬ್ಬರ ಮೈಯಲ್ಲಿ ಕಟ್ಟಿದ ಹುಳಿ ಇನ್ನೊಬ್ಬರಿಗೆ ಇಳಿಯುತ್ತದೆ. ಬೇರೆ ಊರುಗಳಲ್ಲಿ ಇಳಿಯುವುದಿಲ್ಲವಂತೆ. ಅಲ್ಲಿಯ ಜನ ದಣಿದರೆ ಏನು ಮಾಡುತ್ತಾರೋ ನನಗೆ ತಿಳಿಯದು.

ಊರಿಗೆ ರಸ್ತೆಯಿಲ್ಲ, ನದಿಯಿದೆ. ನದಿ ಊರಿನ ಕೆಳಗೆ ಬಂಡೆಗಳ ನಡುವೆ ಮೆಟ್ಟಿಲಿಳಿದ ಹಾಗೆ ಧುಮುಕುತ್ತದೆ. ಉಪ್ಪು, ಅಕ್ಕಿ, ಸೀಮೆಎಣ್ಣೆ, ಔಷಧಿ, ಎಲ್ಲವೂ ಬರುವುದು ದೋಣಿಯಲ್ಲಿ. ಆ ದೋಣಿಗಳನ್ನು ಸೆಳವಿನ ವಿರುದ್ಧ ಹಗ್ಗ ಕಟ್ಟಿ ಮೇಲಕ್ಕೆ ಎಳೆಯಬೇಕು. ಎಳೆಯುವವರನ್ನು ಹಗ್ಗದವರು ಎನ್ನುತ್ತೇವೆ. ಉಳಿದವರು ಮಗ್ಗದವರು, ಬೆಳಗಿನಿಂದ ಸಂಜೆಯವರೆಗೆ ಒಂದೇ ಹದದಲ್ಲಿ ನೇಯುವವರು. ಹಗ್ಗದವನು ಬಂಡೆಯ ದಾರಿ ಹತ್ತಿ ಬರುವ ಹೊತ್ತಿಗೆ ಅವನ ತೊಡೆ, ಬೆನ್ನು ಎಲ್ಲ ಹುಳಿಯೇರಿ ಕಲ್ಲಾಗಿರುತ್ತದೆ. ಮನೆಗೆ ಬಂದು ಮಗ್ಗದ ಮುಂದೆ ಕೂತಿರುವ ತಾಯಿಗೋ ಹೆಂಡತಿಗೋ ಅಂಗೈ ಕೊಡುತ್ತಾನೆ. ಒಂದಿಷ್ಟು ಹೊತ್ತಿನಲ್ಲಿ ಇವನ ಕಾಲು ಸಡಿಲವಾಗುತ್ತದೆ, ಅತ್ತ ಮಗ್ಗದಲ್ಲಿ ನೂಲಿನ ಲಾಳಿ ಚುರುಕಾಗುತ್ತದೆ. ಇವನಿಗೆ ಬೇಡವಾದದ್ದು ಅವರಿಗೆ ಆಹಾರ. ಮಗ್ಗದ ಹೆಂಗಸರು ಊಟಕ್ಕೆ ಕೂತರೆ ಒಂದು ಹಿಡಿ ಅನ್ನಕ್ಕಿಂತ ಹೆಚ್ಚು ಉಣ್ಣುವುದಿಲ್ಲ. ಮದುವೆಯ ಮಾತುಕತೆಯಲ್ಲಿ ಜಾತಕಕ್ಕಿಂತ ಮೊದಲು ಅಂಗೈ ಕೂಡಿಸಿ ನೋಡುತ್ತಾರೆ.

ನಾನು ಹಗ್ಗದವನೂ ಅಲ್ಲ, ಮಗ್ಗದವನೂ ಅಲ್ಲ. ಊರ ಆಸ್ಪತ್ರೆಯಲ್ಲಿ ಕಾಂಪೌಂಡರ್. ಡಾಕ್ಟರ್ ಸರಯೂ ಹೊರಗಿನವರು. ಬಂದ ಹೊಸದರಲ್ಲಿ ಒಬ್ಬ ಹಗ್ಗದವನ ಕೈ ಕುಲುಕಿ, ಆ ಹುರುಪಿನಲ್ಲಿ ಸಂಜೆಯವರೆಗೆ ಆಸ್ಪತ್ರೆಯ ಬೀರುಗಳನ್ನೆಲ್ಲ ಒಬ್ಬರೇ ಒರೆಸಿಟ್ಟಿದ್ದರು. ಆಮೇಲೆ ಅವರೂ ಒಗ್ಗಿಕೊಂಡರು. ನಾನು ಹೇಳಹೊರಟಿದ್ದು ನನ್ನ ಎದುರು ಮನೆಯ ಬೊಮ್ಮಕ್ಕನ ವಿಷಯ.

ಬೊಮ್ಮಕ್ಕ ಮಗ್ಗದವಳು. ಅವಳ ಅತ್ತೆ ಹೊನ್ನಜ್ಜಿಯೂ ಮಗ್ಗದವಳು. ಆ ಮನೆಯಲ್ಲಿ ಹಗ್ಗದವನಾಗಿದ್ದವನು ಚನ್ನೀರ ಒಬ್ಬನೇ. ಅಜ್ಜಿಗೆ ಮಗ, ಬೊಮ್ಮಕ್ಕನಿಗೆ ಗಂಡ. ಮಕ್ಕಳಿರಲಿಲ್ಲ. ಮಳೆಗಾಲದ ಕೊನೆಯಲ್ಲಿ ಉಪ್ಪಿನ ದೋಣಿಯನ್ನು ಎಳೆಯುವಾಗ ಪಾಚಿಗಟ್ಟಿದ ಬಂಡೆಯ ಮೇಲೆ ಚನ್ನೀರನ ಕಾಲು ಜಾರಿತು. ಹಿಂದಿದ್ದವರು ಹಗ್ಗ ಬಿಡಲಿಲ್ಲ, ಬಿಟ್ಟಿದ್ದರೆ ದೋಣಿಯಲ್ಲಿದ್ದವರೂ ಹೋಗುತ್ತಿದ್ದರು. ಚನ್ನೀರ ಮಾತ್ರ ಹೋದ. ಕೆಳಗಿನ ಮಡುವಿನಲ್ಲಿ ಸಿಕ್ಕ.

ಸೂತಕದ ದಿನಗಳಲ್ಲಿ ಹಗ್ಗದ ಜನ ಸರದಿಯ ಮೇಲೆ ಬಂದು ಇಬ್ಬರು ಹೆಂಗಸರಿಗೂ ಅಂಗೈ ಕೊಟ್ಟು ಹೋದರು. ಅದು ನಮ್ಮೂರ ಪದ್ಧತಿ. ಸೂತಕ ಕಳೆದ ಮೇಲೆ ಬರುವುದು ನಿಂತಿತು. ಅವರನ್ನು ದೂರುವ ಹಾಗಿಲ್ಲ, ಅವರವರ ಮನೆಯಲ್ಲೂ ಮಗ್ಗದ ಮುಂದೆ ಕಾದು ಕೂತವರಿದ್ದರು.

ಬೊಮ್ಮಕ್ಕ ಚಿಕ್ಕವಳು, ಅನ್ನ ಉಂಡು ಅರಗಿಸಿಕೊಳ್ಳುವುದನ್ನು ಹೇಗೋ ಕಲಿತಳು. ಹೊನ್ನಜ್ಜಿಗೆ ಆಗಲಿಲ್ಲ. ಅವಳ ಮೈ ಹುಟ್ಟಿದಾಗಿನಿಂದ ಅಪ್ಪನ ಹುಳಿ, ಗಂಡನ ಹುಳಿ, ಮಗನ ಹುಳಿ ಕುಡಿದು ಬೆಳೆದ ಮೈ. ಗಂಜಿ ಕೊಟ್ಟರೆ ಎರಡು ಗುಟುಕು ಕುಡಿದು ಬಟ್ಟಲು ದೂಡುತ್ತಿದ್ದಳು. ಮೊದಲು ಮಗ್ಗ ನಿಂತಿತು. ಆಮೇಲೆ ಮಾತು ಕಮ್ಮಿಯಾಯಿತು. ಲಾಳಿ ಎನ್ನುವ ಪದವೇ ನೆನಪಾಗದೆ, "ಅದು, ಅತ್ತಿಂದಿತ್ತ ಓಡ್ತದಲ್ಲ, ಅದು" ಎಂದು ಕೈಯಾಡಿಸಿದಳು ಒಂದು ದಿನ. ಬೊಮ್ಮಕ್ಕ ಅವತ್ತು ಮಧ್ಯಾಹ್ನವೇ ಹಗ್ಗದ ಯಜಮಾನ ಕರಿಸಿದ್ದನ ಹತ್ತಿರ ಹೋದಳು.

ಕರಿಸಿದ್ದ ದಡದಲ್ಲಿ ಕೂತು ಹಗ್ಗಕ್ಕೆ ಎಣ್ಣೆ ಸವರುತ್ತಿದ್ದ. ಅವನ ಹೆಗಲಿನ ಹುಣ್ಣಿಗೆ ಮುಲಾಮು ಹಚ್ಚಲು ಹೋಗಿದ್ದ ನಾನೂ ಅಲ್ಲಿದ್ದೆ.

"ನನ್ನನ್ನೂ ಹಗ್ಗಕ್ಕೆ ಹಾಕ್ಕೊಳ್ಳಿ" ಎಂದಳು ಬೊಮ್ಮಕ್ಕ.

ಅವನು ತಲೆಯೆತ್ತಲಿಲ್ಲ. "ಮಗ್ಗದ ಕಾಲು ಕಣಮ್ಮ ನಿಂದು. ತುಳಿಯೋ ಕಾಲು ಬೇರೆ, ಎಳೆಯೋ ಕಾಲು ಬೇರೆ."

"ಚನ್ನೀರನ ಜಾಗ ಖಾಲಿ ಇದೆಯಲ್ಲ?"

"ಇದೆ. ಅದರಲ್ಲಿ ನೀನು ನಿಂತು, ನೀನೂ ಜಾರಿ ಬಿದ್ದರೆ ನಿಮ್ಮತ್ತೆಗೆ ನಾನೇನು ಹೇಳಲಿ?"

"ಏನೂ ಹೇಳೋದು ಬೇಡ. ಅಷ್ಟು ಹೊತ್ತಿಗೆ ಅವರೂ ಇರಲ್ಲ."

ಕರಿಸಿದ್ದ ಎಣ್ಣೆಯ ಕೈಯನ್ನು ಪಂಚೆಗೆ ಒರೆಸಿಕೊಂಡು ಅವಳ ಕಾಲುಗಳನ್ನೇ ನೋಡಿದ. ಬೇರೆ ಸಮಯದಲ್ಲಾಗಿದ್ದರೆ ಅದು ಅಸಭ್ಯ. ಕೊನೆಗೆ, "ಹಗ್ಗದ ಬಾಲದಲ್ಲಿ, ಎಲ್ಲರ ಹಿಂದೆ ನಿಲ್ಲು. ಸೌದೆಯ ದೋಣಿಗೆ ಮಾತ್ರ. ಭಾರದ್ದಕ್ಕೆ ಬರಬೇಡ" ಎಂದ.

ಮೊದಲನೆಯ ದಿನ ಅವಳು ಅರ್ಧ ದಾರಿಯಲ್ಲೇ ಕುಸಿದಳು. ಎರಡೂ ತೊಡೆಗಳು ಗಂಟುಕಟ್ಟಿದ್ದವು. ದಾರಿಯ ಬದಿಗೆ ಹೊರಳಿ ವಾಂತಿ ಮಾಡಿಕೊಂಡಳು. ಹಗ್ಗದವರೇ ಎತ್ತಿ ಮನೆಗೆ ತಂದರು. ಹೊನ್ನಜ್ಜಿ ಮೂಲೆಯಲ್ಲಿ ಕೂತಿದ್ದಳು. ಬೊಮ್ಮಕ್ಕ ತೆವಳಿಕೊಂಡು ಹೋಗಿ ಅವಳ ಮುಂದೆ ಎರಡೂ ಅಂಗೈ ಚಾಚಿದಳು.

"ತಗೊಳ್ಳಿ ಅತ್ತೆ."

ಅಜ್ಜಿ ಸೊಸೆಯ ಕೈಗಳನ್ನು ನೋಡಿದಳು. ತನ್ನ ಕೈಗಳನ್ನು ಮಡಿಲಿಗೆ ಎಳೆದುಕೊಂಡು ಮುಷ್ಟಿ ಬಿಗಿದಳು.

"ನಿನ್ನದು ನಂಗೆ ಬ್ಯಾಡ" ಎಂದಳು. ಅಷ್ಟು ದಿನಗಳಲ್ಲಿ ಅವಳು ತಡವರಿಸದೆ ಆಡಿದ ಮೊದಲ ಮಾತು ಅದು.

ಅವತ್ತು ನಾನೂ ಆಸ್ಪತ್ರೆಯ ಆಯಾಳೂ ಕೂಡಿ ಬೊಮ್ಮಕ್ಕನನ್ನು ಆಸ್ಪತ್ರೆಗೆ ನಡೆಸಿಕೊಂಡು ಹೋದೆವು. ದಾರಿಯಲ್ಲಿ ಒಬ್ಬ ಪರಿಚಯದ ಮಗ್ಗದ ಹೆಂಗಸು ಕನಿಕರಪಟ್ಟು ಅಂಗೈ ಕೊಟ್ಟು ನೋಡಿದಳು. ಏನೂ ಇಳಿಯಲಿಲ್ಲ. "ನಿನ್ನ ಕೈ ಮುಚ್ಚಿದೆಯಲ್ಲೇ" ಎಂದು ಹೆದರಿ ಕೈ ಹಿಂತೆಗೆದಳು. ಬೊಮ್ಮಕ್ಕ ಅಳುತ್ತ ಬಂದಿದ್ದು ನೋವಿಗಲ್ಲ, ಈ ಮಾತಿಗೆ.

ಡಾಕ್ಟರಮ್ಮ ಅವಳ ಕಾಲಿಗೆ ಬಿಸಿನೀರಿನ ಚೀಲ ಇಡಿಸಿ, ಎದುರು ಸ್ಟೂಲ್ ಎಳೆದುಕೊಂಡು ಕೂತರು.

"ನೋಡು ಬೊಮ್ಮಕ್ಕ. ನಿಮ್ಮೂರ ಅಂಗೈ ವಿಷಯ ನನಗೆ ಪೂರ್ತಿ ಗೊತ್ತಿಲ್ಲ. ಮೈಯೊಳಗಿನ ವಿಷಯ ಗೊತ್ತು. ನಮ್ಮ ಮೈಯೆಲ್ಲ ಚಿಕ್ಕ ಚಿಕ್ಕ ಜೀವಕೋಶ. ಒಂದೊಂದಕ್ಕೂ ಸುತ್ತ ತೆಳ್ಳಗೆ ಒಂದು ಪೊರೆ. ಜೋರಾಗಿ ಎಳೆದಾಗ ಸ್ನಾಯುವಿನ ಕೋಶದಲ್ಲಿ ಲ್ಯಾಕ್ಟಿಕ್ ಆಮ್ಲ ಹುಟ್ಟುತ್ತೆ, ಅದೇ ನೀವು ಹೇಳೋ ಹುಳಿ. ಅದು ಪೊರೆಯನ್ನ ಸುಮ್ಮನೆ ತೂರಿಕೊಂಡು ಹೋಗಲ್ಲ. ಪೊರೆಯಲ್ಲಿ ಅದಕ್ಕೇ ಅಂತ ಬಾಗಿಲುಗಳಿವೆ."

"ನನಗೆ ಬಾಗಿಲೇ ಇಲ್ಲವಾ?"

"ಇವೆ. ಆದರೆ ಬಾಗಿಲಲ್ಲೂ ಬಗೆ ಇದೆ. ಒಂದು ಬಗೆಯದು ಹೊರಗಿರೋ ಹುಳಿ ಸ್ವಲ್ಪವೇ ಇದ್ದರೂ ಹಿಡಿದು ಒಳಗೆ ತರುತ್ತೆ. ಇನ್ನೊಂದು ಬಗೆ ಒಳಗೆ ರಾಶಿ ಬಿದ್ದಾಗ ಹೊರಗೆ ಸಾಗಿಸೋಕೆ ಸರಿ. ನೀನು ಮಗ್ಗದವಳು, ಮೊದಲನೆಯದು ತುಂಬಾ ಇದೆ. ಎರಡನೆಯದು ಕಮ್ಮಿ."

"ಹೊಸದಾಗಿ ಹುಟ್ಟಲ್ಲವಾ?"

"ಹುಟ್ಟುತ್ತೆ. ಎಳೀತಾ ಎಳೀತಾ ಹುಟ್ಟುತ್ತೆ. ಬಾಗಿಲು ತಯಾರಾಗೋದು ಕೋಶದ ಒಳಗೆ. ಅದನ್ನ ಅಂಚಿಗೆ ಕರ್ಕೊಂಡು ಹೋಗಿ ನಿಲ್ಲಿಸೋಕೆ ಇನ್ನೊಂದು ಪ್ರೋಟೀನ್ ಜೊತೆಗೆ ಬೇಕು, ಇಲ್ಲದಿದ್ದರೆ ಬಾಗಿಲು ದಾರಿಯಲ್ಲೇ ಹಾಳು. ಅದಕ್ಕೆಲ್ಲ ಸಮಯ ಹಿಡಿಯುತ್ತೆ."

ಬೊಮ್ಮಕ್ಕ ತನ್ನ ಅಂಗೈ ನೋಡಿಕೊಂಡು ಕೇಳಿದಳು, "ಮತ್ತೆ ಕೈ ಕೊಟ್ಟಾಗ ಉರೀತದಲ್ಲ, ಅದು ಯಾಕೆ?"

"ಹುಳಿ ಒಂಟಿಯಾಗಿ ದಾಟಲ್ಲ. ಪ್ರೋಟಾನ್ ಅಂತ ಒಂದು ಚೂರನ್ನ ಜೊತೆಗಿಟ್ಟುಕೊಂಡೇ ದಾಟುತ್ತೆ. ಉರಿ ಅದರದ್ದು. ಇಬ್ಬರೂ ಬಂದರೇನೇ ಬಾಗಿಲು ತಿರುಗೋದು."

"ಒಳ್ಳೆ ಹೊಸ ಮದುಮಕ್ಕಳ ಹಾಗೆ" ಎಂದಳು ಬೊಮ್ಮಕ್ಕ. ಆ ಸ್ಥಿತಿಯಲ್ಲೂ ನಕ್ಕಳು. ಡಾಕ್ಟರಮ್ಮನೂ ನಕ್ಕರು. "ಆ ಬಾಗಿಲಿಗೆ ಒಳಗೆ ಹೊರಗೆ ಅನ್ನೋ ಹಟ ಇಲ್ಲ" ಎಂದರು. "ಎಲ್ಲಿ ಜಾಸ್ತಿ ಇದೆಯೋ ಅಲ್ಲಿಂದ ಎಲ್ಲಿ ಕಮ್ಮಿಯೋ ಅಲ್ಲಿಗೆ."

ಕಾಲು ಸರಿಹೋದ ಕೂಡಲೆ ಅವಳು ಮತ್ತೆ ಹಗ್ಗಕ್ಕೆ ಹೋದಳು. ಮತ್ತೆ ಬಿದ್ದಳು. ಹಗ್ಗದ ಗಂಡಸರು ಮೊದಮೊದಲು ಗೊಣಗಿದರು, ಬಾಲಕ್ಕೆ ಕಟ್ಟಿದ ಕಲ್ಲು ಎಂದರು. ಚಳಿಗಾಲ ಮುಗಿಯುವ ಹೊತ್ತಿಗೆ ಗೊಣಗುವುದು ನಿಂತಿತು. ಅವಳ ಮೀನಖಂಡಗಳು ಉಬ್ಬಿದವು, ಹೆಗಲಿನ ಮೇಲೆ ಹಗ್ಗದ ಗುರುತು ಕಪ್ಪಗೆ ಕೂತಿತು. ಒಂದು ದಿನ ಸೌದೆಯ ದೋಣಿ ಮೇಲೆ ಬಂದಾಗ ಅವಳು ಎಲ್ಲರ ಜೊತೆ ನಿಂತೇ ಇದ್ದಳು. ನೀರು ತಂದುಕೊಟ್ಟ ಒಬ್ಬ ಮಗ್ಗದ ಹೆಂಗಸಿಗೆ ಅವಳ ಅಂಗೈ ಅಕಸ್ಮಾತ್ ತಾಗಿ, ಆ ಹೆಂಗಸು "ಅಯ್ಯಯ್ಯೋ, ಏನು ಜೋರು!" ಎಂದು ಕೂಗಿಕೊಂಡಳು. ಸುದ್ದಿ ಅವತ್ತೇ ಊರೆಲ್ಲ ಹರಡಿತು.

ಸುದ್ದಿ ಹರಡಿದ ಮೇಲೆ ಕೇಳುವವರು ಬಂದರು. ಮೇಲಿನ ಬೀದಿಯ ದೊಡ್ಡ ಮಗ್ಗದ ಮನೆಯವರು ದಿನಾ ಸಂಜೆ ಬಂದು ಅಂಗೈ ಕೊಟ್ಟು ಹೋಗು, ನಮ್ಮಲ್ಲೇ ಇರು ಎಂದು ಹೇಳಿಕಳಿಸಿದರು. ಹೆಂಡತಿ ತೀರಿಕೊಂಡಿದ್ದ ಒಬ್ಬ ನೇಕಾರ ಮದುವೆಯ ಮಾತನ್ನೇ ಎತ್ತಿದ. ಬೊಮ್ಮಕ್ಕ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು, "ಮನೇಲಿ ಹಸಿದವರಿದ್ದಾರೆ."

ಮನೆಯಲ್ಲಿದ್ದ ಹಸಿದವಳು ಮುಷ್ಟಿ ಬಿಚ್ಚುತ್ತಿರಲಿಲ್ಲ. ಪ್ರತಿದಿನ ಬೊಮ್ಮಕ್ಕ ಹಗ್ಗದಿಂದ ಬಂದು ಅವಳ ಮುಂದೆ ಕೂತು ಕೈ ಚಾಚುವಳು, ಅಜ್ಜಿ ಗೋಡೆಗೆ ತಿರುಗುವಳು. ಬೊಮ್ಮಕ್ಕನ ಹುಳಿ ಅವಳ ಮೈಯಲ್ಲೇ ನಿಧಾನವಾಗಿ ಕರಗಬೇಕಾಗಿತ್ತು. ಹೊರ ಊರಿನವರಿಗೆ ಹಾಗೇ ಕರಗುತ್ತದಂತೆ, ಅವರವರ ಗುಂಡಿಗೆ, ಅವರವರ ಲಿವರ್ ಎಳೆದುಕೊಳ್ಳುತ್ತದಂತೆ. ನಮ್ಮವರಿಗೆ ಅದು ರೂಢಿಯಿಲ್ಲ. ಬೆಳಿಗ್ಗೆ ಎದ್ದಾಗ ಬೊಮ್ಮಕ್ಕ ಗೋಡೆ ಹಿಡಿದು ನಡೆಯುವುದು ನನ್ನ ಜಗುಲಿಗೆ ಕಾಣುತ್ತಿತ್ತು.

ಬೇಸಿಗೆ ಶುರುವಾದಾಗ ಹೊನ್ನಜ್ಜಿ ಹಾಸಿಗೆ ಹಿಡಿದಳು. ಡಾಕ್ಟರಮ್ಮ ಸಲೈನ್ ಹಾಕಲು ಬಂದರು, ನಾನು ಬಾಟಲಿ ಹಿಡಿದುಕೊಂಡು ಜೊತೆಗೆ ಹೋದೆ. ಮಧ್ಯಾಹ್ನದ ಹೊತ್ತು. ಬೊಮ್ಮಕ್ಕ ಆಗ ತಾನೇ ದೋಣಿ ಎಳೆದು ಬಂದು ಕಂಬಕ್ಕೆ ಒರಗಿದ್ದಳು. ಅಜ್ಜಿಯ ಉಸಿರಿನಲ್ಲಿ ಹಣ್ಣು ಕೊಳೆತ ವಾಸನೆಯಿತ್ತು.

"ಇವರು ತಮ್ಮ ಮೈಯ ಕೊಬ್ಬನ್ನೇ ತಿಂತಾ ಇದ್ದಾರೆ" ಎಂದರು ಡಾಕ್ಟರಮ್ಮ. "ಕೊಬ್ಬು ಕರಗಿ ಕೀಟೋನ್ ಆಗುತ್ತೆ. ಅದು ದಾಟೋದೂ ಅದೇ ಬಾಗಿಲುಗಳಲ್ಲಿ. ಅಂದರೆ ಬಾಗಿಲು ಪೂರ್ತಿ ಕೆಟ್ಟಿಲ್ಲ. ಅಜ್ಜೀ, ಸೊಸೆ ಕೊಡ್ತಾಳೆ, ತಗೋಬಾರದಾ? ಅವಳ ಹುಳಿಗೂ ನಿಮ್ಮ ಮಗನ ಹುಳಿಗೂ ವ್ಯತ್ಯಾಸ ಇಲ್ಲ."

ಅಜ್ಜಿ ಕಣ್ಣು ಬಿಟ್ಟಳು. ಮಾತು ತುಂಡು ತುಂಡಾಗಿ ಬಂತು. "ಮದುವೆಗೆ ಮುಂಚೆ... ಅವನು ಎರಡೂ ಕೈ ನಂಗೇ ಕೊಡ್ತಿದ್ದ. ಇವಳು ಬಂದ ಮೇಲೆ ಬಲಗೈ ಇವಳಿಗೆ. ನಂಗೆ ಎಡಗೈ."

"ಅದು ಊರಿನ ಪದ್ಧತಿ ಅತ್ತೆ. ನಾನು ಕೇಳಿ ಇಸ್ಕೊಂಡಿದ್ದಲ್ಲ" ಎಂದಳು ಬೊಮ್ಮಕ್ಕ. ಆಮೇಲೆ, "ಕೇಳಿಲ್ಲ. ಆದರೆ ಹಿಗ್ಗಿದ್ದೆ" ಎಂದು ಸೇರಿಸಿದಳು.

"ಹಗ್ಗ ಎಳೆಯೋದು ಬಲಗೈಯಲ್ಲಿ. ಹುಳಿಯೆಲ್ಲಾ ಅದರಲ್ಲೇ. ಎಡಗೈಯಲ್ಲಿ ಏನಿರ್ತದೆ? ಗಸಿ. ಹೆತ್ತವಳಿಗೆ ತಳದ ಗಸಿ ಕೊಟ್ಟು ಹೋದ."

ಡಾಕ್ಟರಮ್ಮ ಸೂಜಿ ಹಿಡಿದವರು ಹಾಗೇ ನಿಂತರು. "ಯಾರು ಹೇಳಿದ್ದು ನಿಮಗೆ? ಹುಳಿ ಹುಟ್ಟೋದು ಹೆಚ್ಚಾಗಿ ತೊಡೆಯಲ್ಲಿ, ಬೆನ್ನಲ್ಲಿ. ಅಲ್ಲಿಂದ ರಕ್ತಕ್ಕೆ ಬರುತ್ತೆ. ರಕ್ತ ಇಡೀ ಮೈ ಸುತ್ತುತ್ತಾ ಇರುತ್ತೆ. ಮನೆಗೆ ನಡೆದು ಬರೋ ಹೊತ್ತಿಗೆ ಎರಡೂ ಕೈಗೂ ಒಂದೇ."

"ಒಂದೇ?"

"ಒಂದೇ."

"ಎಡಗೈಗೂ?"

"ಎಡಗೈಗೂ, ಬಲಗೈಗೂ. ಒಂದು ತೊಟ್ಟೂ ಹೆಚ್ಚುಕಮ್ಮಿ ಇಲ್ಲ."

ಡಾಕ್ಟರಮ್ಮ ಸೂಜಿ ಚುಚ್ಚಿದರು. ಸಲೈನ್ ಹನಿಯತೊಡಗಿತು. ಬೊಮ್ಮಕ್ಕ ಕಂಬ ಬಿಟ್ಟು ಹತ್ತಿರ ಬಂದು ಕೂತಳು, ಆದರೆ ಅವತ್ತು ಕೈ ಚಾಚಲಿಲ್ಲ.

"ಹಂಗಾದ್ರೆ ಇಷ್ಟು ವರ್ಷ ನಾವು ಜಗಳ ಆಡಿದ್ದು ಯಾತಕ್ಕೇ?" ಎಂದಳು ಅಜ್ಜಿ.

"ನಂಗೂ ಗೊತ್ತಿಲ್ಲ ಅತ್ತೆ."

ಅಜ್ಜಿಗೆ ನಗು ಬಂತೋ ಕೆಮ್ಮು ಬಂತೋ ಹೇಳುವುದು ಕಷ್ಟ. ನಾವು ಬಾಟಲಿ ಮುಗಿಯುವವರೆಗೆ ಇದ್ದು ಹೊರಟೆವು. ಮುಷ್ಟಿ ಅವತ್ತೂ ಬಿಚ್ಚಲಿಲ್ಲ.

ಮರುದಿನ ಬೊಮ್ಮಕ್ಕ ಹಗ್ಗದಿಂದ ಬರುವಾಗ ಅಜ್ಜಿ ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿದ್ದಳಂತೆ. ಮುಖ ಅತ್ತ ಕಿಟಕಿಯ ಕಡೆಗೆ. ಕೈಗಳು ಮಡಿಲಲ್ಲಿ, ಅಂಗೈ ಬಿಚ್ಚಿ ಮೇಲ್ಮುಖವಾಗಿ. ಬೊಮ್ಮಕ್ಕ ಸದ್ದು ಮಾಡದೆ ಕೂತು ತನ್ನ ಕೈ ಇಟ್ಟಳು. ಮೊದಲು ಉರಿ ಹತ್ತಿತು. ಅಜ್ಜಿ ಹಲ್ಲು ಕಚ್ಚಿದಳು.

"ಎಷ್ಟು ಉಪ್ಪಿನಕಾಯಿ ತಿಂತೀಯೇ ನೀನು?" ಎಂದಳು.

ಇದನ್ನು ಹೇಳುವಾಗ ಬೊಮ್ಮಕ್ಕ ನನ್ನ ಮುಂದೆ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಅವತ್ತು ಇಳಿದದ್ದು ತೀರ ಸ್ವಲ್ಪ. ಅಷ್ಟು ತಿಂಗಳು ಹುಳಿ ಕಾಣದ ಅಂಗೈ, ಅದೂ ಮತ್ತೆ ಒಗ್ಗಬೇಕಿತ್ತು. ದಿನ ಕಳೆದಂತೆ ಹೆಚ್ಚು ಹೆಚ್ಚು ಇಳಿಯಿತು. ಅಜ್ಜಿ ಎದ್ದು ಕೂತಳು, ಆಮೇಲೆ ಹಿತ್ತಲಿಗೆ ನಡೆದಳು. ಲಾಳಿ ಎನ್ನುವ ಪದ ಬಾಯಿಗೆ ವಾಪಸು ಬಂತು, ಅದರ ಹಿಂದೆಯೇ ಸಾಕಷ್ಟು ಬೈಗುಳಗಳೂ ಬಂದವು. ಮಗ್ಗದ ಸದ್ದು ಮತ್ತೆ ನನ್ನ ಜಗುಲಿಗೆ ಕೇಳತೊಡಗಿತು. ಬೊಮ್ಮಕ್ಕನಿಗೆ ಗೋಡೆ ಹಿಡಿಯುವ ಅಗತ್ಯ ಬೀಳಲಿಲ್ಲ. ಕರಿಸಿದ್ದ ಅವಳನ್ನು ಬಾಲದಿಂದ ನಡುವಿಗೆ ತಂದ, ಅಕ್ಕಿಯ ದೋಣಿಗೂ ಕರೆದ. ಅಜ್ಜಿ ಅಂಗೈ ಹಿಡಿದ ಕೂಡಲೆ ತೀರ್ಪು ಕೊಡುತ್ತಿದ್ದಳು, "ಇವತ್ತು ಸಪ್ಪೆ. ಮೈಗಳ್ಳತನ ಮಾಡಿದ್ದೀಯ." ಅಥವಾ, "ಇವತ್ತು ಯಾರದೋ ಪಾಲಿನದ್ದೂ ಸೇರಿಸಿ ಎಳೆದಿದ್ದೀಯ. ಹಾಗೆಲ್ಲ ಮಾಡಬ್ಯಾಡ." ಚನ್ನೀರನ ಮಾತು ಅಪರೂಪಕ್ಕೆ ಬರುತ್ತಿತ್ತು. ಬಂದಾಗ ಇಬ್ಬರೂ ಸ್ವಲ್ಪ ಹೊತ್ತು ಕೆಲಸ ನಿಲ್ಲಿಸುತ್ತಿದ್ದರು.

ಹೀಗೆ ಇನ್ನೊಂದು ಮಳೆಗಾಲ ಬಂದು ಹೋಯಿತು. ಅದರ ಮುಂದಿನ ಮಳೆಗಾಲದಲ್ಲಿ ಅಜ್ಜಿಗೆ ಜ್ವರ ಬಂತು. ಜ್ವರ ಎದೆಗಿಳಿಯಿತು. ನದಿ ಉಕ್ಕಿ ದೋಣಿಗಳೆಲ್ಲ ಕೆಳಗೇ ನಿಂತಿದ್ದವು, ಹಗ್ಗದವರೆಲ್ಲ ಮನೆಯಲ್ಲಿದ್ದರು. ಬೊಮ್ಮಕ್ಕ ಅಡುಗೆ, ಔಷಧಿ, ಬಟ್ಟೆ ಬದಲಿಸುವುದು ಎಲ್ಲ ಮಾಡುತ್ತ ಅತ್ತೆಯ ಬಳಿಯೇ ಇದ್ದಳು. ದಿನಗಟ್ಟಲೆ ಎಳೆಯದ ಅವಳ ಮೈಯಲ್ಲಿ ಹುಳಿಯಿರಲಿಲ್ಲ. ಕೊಡಲು ಏನೂ ಇಲ್ಲವೆಂದು ಅವಳು ಕೊರಗಿದಳು. ಮಳೆಯಲ್ಲೇ ಹಿತ್ತಲಿನ ಕಲ್ಲುಗಳನ್ನು ಅತ್ತಿಂದಿತ್ತ ಎಳೆದಾಡಿ ಒಂದಿಷ್ಟು ಹುಟ್ಟಿಸಿಕೊಂಡು ಬಂದಳು. ಅಜ್ಜಿಯ ಅಂಗೈ ಹಿಡಿದರೆ ಅದು ಇಳಿಯಲಿಲ್ಲ.

"ಮುಚ್ಚಿಬಿಟ್ಟವಾ ಬಾಗಿಲು?" ಎಂದು ಡಾಕ್ಟರಮ್ಮನನ್ನು ಕೇಳಿದಳು.

ಡಾಕ್ಟರಮ್ಮ ಅಜ್ಜಿಯ ಎದೆಯ ಮೇಲಿಟ್ಟಿದ್ದ ಸ್ಟೆತೊಸ್ಕೋಪ್ ತೆಗೆದರು. ಆಮ್ಲಜನಕದ ಸಿಲಿಂಡರ್ ಕೆಳಗಿನ ದೋಣಿಯೊಂದರಲ್ಲಿ ಸಿಕ್ಕಿಕೊಂಡಿತ್ತು. ಅದು ಬಂದಿದ್ದರೂ ಆ ವಯಸ್ಸಿಗೆ ಏನಾಗುತ್ತಿತ್ತೋ. "ಮುಚ್ಚಿಲ್ಲ" ಎಂದರು ಮೆಲ್ಲಗೆ. "ಉಸಿರು ಸಾಲದಿದ್ದಾಗ ಇಡೀ ಮೈಯೇ ಹುಳಿ ಮಾಡುತ್ತೆ. ಈಗ ಇವರಲ್ಲಿ ನಿನಗಿಂತ ಜಾಸ್ತಿ ಇದೆ."

ಬೊಮ್ಮಕ್ಕನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಅವಳು ಹಾಸಿಗೆಯ ಪಕ್ಕ ಸರಿಯಾಗಿ ಕಾಲು ಮಡಿಸಿ ಕೂತಳು, ಮಗ್ಗದವರು ಅಂಗೈ ಇಸಿದುಕೊಳ್ಳಲು ಕೂರುತ್ತಾರಲ್ಲ, ಹಾಗೆ. ತನ್ನ ಕೈಗಳನ್ನು ಮೇಲ್ಮುಖವಾಗಿ ಹಿಡಿದು, ಅದರ ಮೇಲೆ ಅತ್ತೆಯ ಎರಡೂ ಕೈಗಳನ್ನು ಎತ್ತಿ ಇಟ್ಟುಕೊಂಡಳು. ಅವಳ ಮುಖ ಉರಿಗೆ ಕಿವುಚಿಕೊಂಡಿತು. ಕೈ ತೆಗೆಯಲಿಲ್ಲ.

"ಕೊಡ್ತಾ ಇದ್ದಾರೆ" ಎಂದಳು. "ಅತ್ತೆ ಕೊಡ್ತಾ ಇದ್ದಾರೆ."

ಅಜ್ಜಿ ಕಣ್ಣು ತೆರೆದು ಸೊಸೆಯನ್ನು ನೋಡಿದಳು. ಹುಟ್ಟಿದಾಗಿನಿಂದ ಅವಳು ಯಾರಿಗೂ ಕೊಟ್ಟವಳಲ್ಲ, ಮಗ್ಗದವರಿಗೆ ಕೊಡುವ ಸಂದರ್ಭವೇ ಬರುವುದಿಲ್ಲ. ಬಿಗಿದಿದ್ದ ಅವಳ ಹುಬ್ಬು ಸ್ವಲ್ಪ ಸ್ವಲ್ಪವೇ ಸಡಿಲವಾಯಿತು. ದೋಣಿ ದಡ ಮುಟ್ಟಿದ ಮೇಲೆ ಹಗ್ಗದವರ ಮುಖ ಆಗುವ ಹಾಗೆ ಆಯಿತು. ಏನೋ ಹೇಳಲು ತುಟಿ ಅಲುಗಿಸಿದಳು, "ಸಾಕಾ?" ಎಂದ ಹಾಗೆ ನನಗೆ ಕೇಳಿತು.

"ಇನ್ನೂ ಕೊಡಿ" ಎಂದಳು ಬೊಮ್ಮಕ್ಕ.

ಮಧ್ಯಾಹ್ನ ಇಳಿಯುವ ಮೊದಲೇ ಅಜ್ಜಿ ತೀರಿಕೊಂಡಳು. ಬೀದಿಯ ಹೆಂಗಸರು ಬಂದು ಬೊಮ್ಮಕ್ಕನ ಕೈ ಬಿಡಿಸಿದರು. ಮಳೆ ನಿಲ್ಲದೆ ಹೆಣ ಎತ್ತುವ ಹಾಗಿರಲಿಲ್ಲ, ಎಲ್ಲರೂ ಜಗುಲಿಯಲ್ಲಿ ಕಾದು ಕೂತೆವು. ಅಳು ಕೇಳಬಹುದೆಂದು ನಾವು ಅಂದುಕೊಂಡಿದ್ದೆವು. ಒಳಗಿನಿಂದ ಮಗ್ಗದ ಸದ್ದು ಕೇಳಿತು. ಅಜ್ಜಿ ಜ್ವರ ಬರುವ ಮುನ್ನ ಅರ್ಧಕ್ಕೆ ಬಿಟ್ಟಿದ್ದ ಬಿಳಿಯ ಬಟ್ಟೆ ಮಗ್ಗದ ಮೇಲೆಯೇ ಇತ್ತು. ಬೊಮ್ಮಕ್ಕ ಹಗ್ಗದ ಗುರುತಿನ ಹೆಗಲು ಬಗ್ಗಿಸಿ ಕೂತು, ಮೈಯೊಳಗೆ ಬಂದು ಸೇರಿದ್ದ ಅತ್ತೆಯ ಹುಳಿ ತೀರುವವರೆಗೂ ನೇಯ್ದಳು. ಬಟ್ಟೆ ಮುಗಿಯಿತು. ಅದನ್ನು ಕತ್ತರಿಸಿ ತಂದು, ಎರಡೂ ಕೈಯಿಂದ ಬಿಡಿಸಿ, ಅತ್ತೆಗೆ ಹೊದಿಸಿದಳು.